ಶುಂಠಿಯ ತಳಿಗಳೂ ತಳಿನಾಮಗಳೂ

ಕನ್ನಡಿಗರು ದಿನನಿತ್ಯವೂ ಆಡುವ ‘ಹಸಿಶುಂಠಿ’ ಎಂಬ ಮಾತು, ಅದರ ನಿರುಕ್ತಿಯನ್ನು ವಿಚಾರಿಸಿದರೆ, ವಿರೋಧಾಭಾಸವೇ ಸರಿ. ಸಂಸ್ಕೃತದ ಧಾತುಪಾಠದಲ್ಲಿ ‘ಶುಂಠ್’ ಎಂಬ ಧಾತುವಿಗೆ ಶೋಷಣವೆಂದು, ಎಂದರೆ ಒಣಗುವುದೆಂದು, ಅರ್ಥವನ್ನು ಹೇಳಿದೆ. ಆದುದರಿಂದ ಶುಂಠಿಯೆಂದರೆ ಒಣಗಿದುದು. ಹಸಿಶುಂಠಿಯೆಂದರೆ ಹಸಿಯಾದ ಒಣಗಿದುದು. ಒಣಶುಂಠಿಯೆಂದರೆ ಒಣಗಿದ ಒಣಗಿದುದು! ಉತ್ತರ ಕರ್ಣಾಟಕದವರು ಹಸಿಯದನ್ನು ‘ಅಲ್ಲ’ ಎಂದು ಕರೆದು ಈ ತೊಡಕಿನಿಂದ ಪಾರಾಗಿದ್ದಾರೆ. ತೆಲುಗಿನ ಅಲ್ಲಂ, ಮರಾಠಿಯ ಆಲೆ, ಕೊಂಕಣಿಯ ಆಲೆಂ ಇವು ಅದರ ಬಂಧುಗಳು. ಸಂಸ್ಕೃತದ ‘ಆರ್ದ್ರಕ’ವೇ ಪ್ರಾಕೃತದಲ್ಲಿ ‘ಅಲ್ಲಯ’ವಾಗಿ ಈ ಭಾಷೆಗಳಿಗೆ ಇಳಿದುಬಂದಿತು. ಆರ್ದ್ರವೆಂದರೆ ಒದ್ದೆಯಾದುದು. ಹೀಗೆ ಕನ್ನಡನಾಡಿನಲ್ಲಿ ಬಳಕೆಯಲ್ಲಿರುವ ಎರಡು ಹೆಸರುಗಳಲ್ಲಿ ಒಂದು ಒಣಗಿದ ಸ್ಥಿತಿಯನ್ನೂ ಇನ್ನೊಂದು ಒದ್ದೆಯಾದ ಸ್ಥಿತಿಯನ್ನೂ ಸೂಚಿಸುತ್ತವೆಯೇ ಹೊರತು, ಗಡ್ಡೆ ಎಂತಹದು, ಯಾವ ಜಾತಿಯದು ಎಂಬುದನ್ನು ಎರಡೂ ಹೇಳುವುದಿಲ್ಲ. ಈ ಸಣ್ಣ ಸಂಗತಿಯಲ್ಲಿ ಶುಂಠಿಯ ಚರಿತ್ರೆಯ ಒಂದು ಮುಖ್ಯಾಂಶವು ಅಡಗಿದೆ.

‘ಶೃಂಗವೇರ’ ಎಂಬ ಮೂರನೆಯ ಹೆಸರಿನ ಕಥೆ ಬೇರೆ. ಶೃಂಗವೆಂದರೆ ಕೊಂಬು, ವೇರವೆಂದರೆ ಶರೀರ, ಆದುದರಿಂದ ಕೊಂಬಿನಾಕಾರದ ಮೈಯುಳ್ಳದ್ದು ಎಂಬ ಹಳೆಯ ವ್ಯುತ್ಪತ್ತಿ ಕಿವಿಗೆ ಇಂಪಾಗಿದೆ. ಗಡ್ಡೆಯನ್ನು ನೋಡಿದವರಿಗೆ ಒಪ್ಪಿಗೆಯೂ ಆಗುತ್ತದೆ. ಆದರೆ ಪಾಲಿಯ ‘ಸಿಂಗಿವೇರ’, ಗ್ರೀಕರ ‘ಜಿಂಗಿಬೆರಿಸ್’, ಅರಬರ ‘ಜಂಜಬೀಲ್’ ಇವನ್ನು ಪಕ್ಕದಲ್ಲಿಟ್ಟು ನೋಡಿದ ಭಾಷಾಶಾಸ್ತ್ರಜ್ಞರು, ಇದರ ಮೂಲದಲ್ಲಿ ತಮಿಳು ಮಲೆಯಾಳಗಳ ‘ಇಂಚಿ’ಯೂ ಬೇರೆಂಬ ಅರ್ಥದ ‘ವೇರ್’ ಶಬ್ದವೂ ಕೂಡಿವೆಯೆಂದು ನಿರ್ಣಯಿಸಿರುತ್ತಾರೆ. ೧೯೫೨ರಲ್ಲಿ ಆಲನ್ ರಾಸ್ ಎಂಬ ಆಂಗ್ಲ ವಿದ್ವಾಂಸನು ಈ ಒಂದು ಶಬ್ದದ ಸಂಚಾರವನ್ನೇ ವಿಷಯವಾಗಿಟ್ಟುಕೊಂಡು ಒಂದು ಗ್ರಂಥವನ್ನು ಪ್ರಕಟಿಸಿದನು. ಶೃಂಗವೆಂಬುದು ತಿಳಿಯದ ಪರದೇಶಿ ಶಬ್ದಕ್ಕೆ ಸಂಸ್ಕೃತಜ್ಞರು ತೊಡಿಸಿದ ಪರಿಚಿತವಾದ ಉಡುಪು ಎನ್ನಬೇಕು.

ಶಾಸ್ತ್ರಗ್ರಂಥಗಳಲ್ಲಿಯೂ ಸ್ಥಿತಿಭೇದವೇ ಪ್ರಧಾನ. ಕೌಟಿಲ್ಯನ ಅರ್ಥಶಾಸ್ತ್ರವು ಕೋಷ್ಠಾಗಾರದಲ್ಲಿ ಶೇಖರಿಸತಕ್ಕ ಕಟುದ್ರವ್ಯಗಳಲ್ಲಿ ಹಿಪ್ಪಲಿ ಮೆಣಸುಗಳೊಡನೆ ಇದನ್ನು ಎಣಿಸುತ್ತದೆ. ಚರಕಸಂಹಿತೆಯಲ್ಲಿ ಹಸಿಯದು ಹರಿತವರ್ಗದಲ್ಲಿಯೂ ಒಣಗಿದುದು ಆಹಾರಕ್ಕೆ ಒದಗುವ ದ್ರವ್ಯಗಳ ವರ್ಗದಲ್ಲಿಯೂ ಬೇರೆಬೇರೆಯಾಗಿ ಬಂದಿವೆ. ಹದಿನಾರನೆಯ ಶತಮಾನದ ಭಾವಪ್ರಕಾಶದಲ್ಲಿಯೂ ಶುಂಠೀ, ಆರ್ದ್ರಕ ಇವೆರಡಕ್ಕೂ ಪ್ರತ್ಯೇಕ ಗುಣಪಾಠಗಳಿವೆ. ವಿಶ್ವಭೇಷಜ, ಮಹೌಷಧ, ನಾಗರ ಎಂಬ ಬಿರುದುಗಳು ಒಣಗಿದುದಕ್ಕೆ ಸಂದಿವೆ. ಮೆಣಸು ಹಿಪ್ಪಲಿಗಳೊಡನೆ ತ್ರಿಕಟುವಿನಲ್ಲಿ ಸೇರುವುದೂ ಒಣಗಿದುದೇ. ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದಲ್ಲಿ ರಚಿಸಿದ ಮಾನಸೋಲ್ಲಾಸದ ಪಾಕಪ್ರಕರಣದಲ್ಲಿ ಆರ್ದ್ರಕವು ಬರುತ್ತದೆ. ಅಲ್ಲಿಯೂ ಅದು ಆರ್ದ್ರಕವೇ, ಇಂತಹ ಊರಿನ ಅಥವಾ ಇಂತಹ ಬಣ್ಣದ ಆರ್ದ್ರಕವಲ್ಲ.

ಇದು ಶಾಸ್ತ್ರಕಾರರ ಅಲಕ್ಷ್ಯವೆಂದು ತಿಳಿಯುವಂತಿಲ್ಲ. ಅದೇ ಚರಕಸಂಹಿತೆಯು ಭತ್ತದ ವಿಷಯದಲ್ಲಿ ರಕ್ತಶಾಲಿ, ಮಹಾಶಾಲಿ, ಕಲಮ ಮುಂತಾಗಿ ಜಾತಿಜಾತಿಗಳನ್ನು ಹೆಸರಿಸಿ ಅವುಗಳ ತಾರತಮ್ಯವನ್ನು ಹೇಳುತ್ತದೆಯಷ್ಟೆ. ಭತ್ತವು ವೈದ್ಯನ ಮನೆಯ ಸುತ್ತಲೂ ಬೆಳೆಯುವ ಪೈರು. ಅದರ ಭೇದಗಳು ಅವನ ಕಣ್ಣಿಗೆ ಬಿದ್ದೇ ಬೀಳುವುವು. ಶುಂಠಿಯಾದರೋ ಮಳೆನಾಡಿನ ಬೆಳೆ. ಉತ್ತರದ ಬಯಲು ನಾಡಿನ ವೈದ್ಯನ ಕೈಗೆ ಅದು ಒಣಗಿದ ತುಂಡಾಗಿ ಅಂಗಡಿಯಿಂದ ಬರುತ್ತಿದ್ದಿರಬೇಕು. ಗಡ್ಡೆಯ ಸಿಪ್ಪೆ ಹೋಗಿ, ಬಣ್ಣ ಮಾಸಿ, ಬೆರಳುಗಳು ಮುರಿದು ಬಂದ ಸರಕಿನಲ್ಲಿ ತಳಿಯನ್ನು ಗುರುತಿಸುವುದು ಯಾರಿಗೂ ಸುಲಭವಲ್ಲ.

ಅಂಗಡಿಯವರು ಮಾತ್ರ ಭೇದವನ್ನು ಬಲ್ಲವರಾಗಿದ್ದರು. ಆದರೆ ಅವರ ಭೇದ ರೇವುಪಟ್ಟಣಗಳ ಭೇದ. ಒಂದನೆಯ ಶತಮಾನದಲ್ಲಿ ರೋಮಿನ ಪ್ಲಿನಿಯು, ಶುಂಠಿಯು ಮೆಣಸಿನ ಗಿಡದ ಬೇರೆಂಬ ತನ್ನ ದೇಶದವರ ನಂಬಿಕೆಯನ್ನು ತಿದ್ದಬೇಕಾಗಿ ಬಂದಿತೆಂದರೆ, ಸರಕನ್ನು ಕೊಳ್ಳುವವರಿಗೆ ಗಿಡವು ಎಷ್ಟು ದೂರವಾಗಿದ್ದಿತೆಂಬುದು ತಿಳಿಯುತ್ತದೆ. ಕೊಲ್ಲಂ ಪಟ್ಟಣದ ಶುಂಠಿಗೆ ಆ ಊರಿನ ಹೆಸರೇ ನಿಂತಿದ್ದುದನ್ನು ಮಾರ್ಕೋ ಪೋಲೋ ಬರೆದಿಟ್ಟಿದ್ದಾನೆ. ಸುಮಾರು ೧೩೪೦ರಲ್ಲಿ ವರ್ತಕರ ಉಪಯೋಗಕ್ಕಾಗಿ ಕೈಪಿಡಿಯನ್ನು ರಚಿಸಿದ ಫ್ಲಾರೆನ್ಸಿನ ಪೆಗೊಲೊಟ್ಟಿಯು ಶುಂಠಿಯನ್ನು ಬೆಲ್ಲೆದಿ, ಕೊಲೊಂಬಿನೊ, ಮಿಕ್ಕಿನೊ ಎಂದು ಮೂರು ಬಗೆಯಾಗಿ ವಿಂಗಡಿಸುತ್ತಾನೆ. ಬೆಲ್ಲೆದಿಯೆಂಬುದು ಅರಬ್ಬಿಯ ‘ಬಲದೀ’, ಎಂದರೆ ನಾಡಿನದು, ಕೊಲೊಂಬಿನೊ ಕೊಲ್ಲಮಿನದು, ಮಿಕ್ಕಿನೊ ಮೆಕ್ಕೆಯ ಕಡೆಯದು. ಹೆಸರುಗಳು ಊರಿನವಾದರೂ ಈತನು ಗಡ್ಡೆಯ ಲಕ್ಷಣವನ್ನೂ ಕೊಡುತ್ತಾನೆ. ಕೊಲ್ಲಮಿನದರ ಸಿಪ್ಪೆ ನಯವಾಗಿ ತೆಳುವಾಗಿ ಬೂದಿಬಣ್ಣದ್ದಾಗಿರುವುದೆಂದೂ, ಮೆಕ್ಕೆಯದು ಚಿಕ್ಕದಾಗಿ ಕತ್ತರಿಸಲು ಗಟ್ಟಿಯಾಗಿರುವುದೆಂದೂ ಅವನ ವರ್ಣನೆ. ಶುಂಠಿಯ ಗಡ್ಡೆಗಳ ರೂಪಭೇದವನ್ನು ಹೀಗೆ ಕಣ್ಣಿಟ್ಟು ನೋಡಿ ಬರೆದ ಹಳೆಯ ಬರೆವಣಿಗೆಗಳಲ್ಲಿ ಇದೊಂದು. ಅದನ್ನು ಬರೆದವನು ವೈದ್ಯನಲ್ಲ, ಕೃಷಿಕನಲ್ಲ, ಲೇವಾದೇವಿ ಮನೆತನದ ಗುಮಾಸ್ತನು ಎಂಬುದು ಗಮನಾರ್ಹ.

ಹದಿನೈದನೆಯ ಶತಮಾನದಲ್ಲಿ ಬಂದ ನಿಕೊಲೊ ಕಾಂಟಿಯು ಬೆಲೆದಿ, ಗೆಬೆಲಿ, ನೆಲಿ ಎಂಬ ಮೂರನ್ನು ಹೇಳುತ್ತಾನೆ. ಗೆಬೆಲಿಯೆಂದರೆ ‘ಜಬಲೀ’, ಬೆಟ್ಟದ್ದು. ನೆಲಿಯೆಂಬುದು ‘ದೆಲಿ’ಯ ಅಪಪಾಠವೆಂದೂ, ದೆಲಿಯೆಂದರೆ ಉತ್ತರ ಮಲಬಾರಿನ ಏಳಿಮಲೆಯೆಂದೂ ಯೂಲ್ ಮೊದಲಾದ ಪಂಡಿತರು ತಿದ್ದಿದ್ದಾರೆ. ನಾಡಿನದು, ಬೆಟ್ಟದ್ದು ಎಂಬ ಈ ವಿಭಾಗವನ್ನು ಅರಬ್ಬಿ ವರ್ತಕನು ತಾನೇ ಕಲ್ಪಿಸಿದನೋ, ಅವನಿಗೆ ಮಾರಿದ ಮಲೆಯಾಳಿಯ ಮಾತನ್ನು ತನ್ನ ಭಾಷೆಗೆ ತಿರುಗಿಸಿಕೊಂಡನೋ? ಎರಡನೆಯದೇ ಹೆಚ್ಚು ಸಂಭವನೀಯ. ಪಶ್ಚಿಮ ಘಟ್ಟದ ಎರಡು ಪಾರ್ಶ್ವಗಳಲ್ಲಿಯೂ ನಾಡು, ಮಲೆ ಎಂಬ ವಿಭಾಗ ಜನರ ಬಾಯಲ್ಲಿ ಹಳೆಯದು. ತುಳುನಾಡಿನ ಸಂಬಂಧವೂ ಇಲ್ಲಿ ಉಂಟು. ಹದಿನಾಲ್ಕನೆಯ ಶತಮಾನದಲ್ಲಿ ಮಂಗಳೂರನ್ನು ಕಂಡ ಇಬ್ನ್ ಬತೂತನು, ಫಾರಸ ಮತ್ತು ಯಮನ್ ದೇಶಗಳ ವರ್ತಕರು ಅಲ್ಲಿ ಇಳಿಯುವರೆಂದೂ ಮೆಣಸು ಶುಂಠಿಗಳು ಅಲ್ಲಿ ಹೇರಳವೆಂದೂ ಹೇಳಿದ್ದಾನೆ. ಗೋವೆಯಲ್ಲಿ ನೆಲಸಿದ್ದ ಪೋರ್ತುಗೀಜ ವೈದ್ಯ ಗಾರ್ಸಿಯಾ ದ ಓರ್ತಾ ೧೫೬೩ರಲ್ಲಿ ಅಚ್ಚುಹಾಕಿಸಿದ ಸಂವಾದಗಳಲ್ಲಿ ಶುಂಠಿಗೂ ಸ್ಥಳವುಂಟು. ದೇಶಭಾಷೆಗಳಲ್ಲಿ ಅದಕ್ಕಿರುವ ಹೆಸರುಗಳನ್ನು ಅವನು ಶ್ರದ್ಧೆಯಿಂದ ಕೂಡಿಸಿದ್ದಾನೆ. ಡಚ್ಚರ ಅಧಿಕಾರಿ ವಾನ್ ರೀಡನು ಮಲೆಯಾಳದ ವೈದ್ಯ ಇಟ್ಟಿ ಅಚ್ಯುತನ್, ಕೊಂಕಣಿ ಬ್ರಾಹ್ಮಣರಾದ ರಂಗಭಟ್ಟ, ವಿನಾಯಕ ಪಂಡಿತ, ಅಪ್ಪು ಭಟ್ಟ ಇವರ ನೆರವಿನಿಂದ ಸಿದ್ಧಪಡಿಸಿದ ‘ಹೋರ್ತುಸ್ ಮಲಬಾರಿಕುಸ್’ ೧೬೭೮ರಿಂದ ೧೬೯೩ರವರೆಗೆ ಹನ್ನೆರಡು ಸಂಪುಟಗಳಾಗಿ ಹೊರಬಂದಿತು. ಅದರ ಹನ್ನೊಂದನೆಯ ಸಂಪುಟದಲ್ಲಿ ‘ಇಂಚಿ’ಯ ಚಿತ್ರವಿದೆ. ಲಿನ್ನೇಯಸನು ೧೭೫೩ರಲ್ಲಿಯೂ, ಲಿವರ್‌ಪೂಲಿನ ವಿಲಿಯಂ ರಾಸ್ಕೋ ೧೮೦೭ರಲ್ಲಿಯೂ ಇದಕ್ಕೆ ಶಾಸ್ತ್ರೀಯ ನಾಮಕರಣವನ್ನು ಮಾಡಿದರು. ಈಗ ಜಗತ್ತಿನಲ್ಲಿ ನಿಂತಿರುವ ‘ಜಿಂಜಿಬರ್ ಅಫಿಸಿನೇಲ್’ ಎಂಬುದು ರಾಸ್ಕೋ ಇಟ್ಟದ್ದು. ‘ಅಫಿಸಿನೇಲ್’ ಎಂದರೆ ಔಷಧದಂಗಡಿಯದು. ಅಲ್ಲಿಯೂ ಕೊನೆಗೆ ಗೆದ್ದುದು ಅಂಗಡಿಯೇ!

ಹಾಗಾದರೆ ತಳಿಗಳ ಜ್ಞಾನವೆಲ್ಲಿ ಉಳಿಯಿತು? ಬೆಳೆಯುವವರ ಬಾಯಿಯಲ್ಲಿ. ಇದಕ್ಕೆ ಅತ್ಯುತ್ತಮವಾದ ಸಾಕ್ಷ್ಯವು ಹಿಮಾಲಯದ ಪೂರ್ವಭಾಗದಲ್ಲಿಯೂ ಅದಕ್ಕೆ ತಗುಲಿದ ಈಶಾನ್ಯದ ಗುಡ್ಡಗಾಡುಗಳಲ್ಲಿಯೂ ದೊರೆಯುತ್ತದೆ. ನೇಪಾಳದ ಒಕ್ಕಲಿಗರು ಶುಂಠಿಯನ್ನು ‘ಬೋಸೆ’ ಎಂದೂ ‘ನಸೆ’ ಎಂದೂ ವಿಂಗಡಿಸುವರು. ನೇಪಾಳಿಯಲ್ಲಿ ‘ಬೋಸೊ’ ಎಂದರೆ ಕೊಬ್ಬು, ‘ನಸಾ’ ಎಂದರೆ ನರ. ಕೊಬ್ಬಿದಂತೆ ಮೃದುವಾಗಿ ನಾರು ಕಡಿಮೆಯಿರುವುದು ಬೋಸೆ. ನರನರವಾಗಿ ನಾರು ತುಂಬಿರುವುದು ನಸೆ. ಪ್ರಯೋಗಾಲಯಗಳು ಇಂದು ಇದನ್ನೇ ಅಂಕೆಗಳಲ್ಲಿ ಹೇಳುತ್ತವೆ: ‘ಮಹಿಮಾ’ ಎಂಬ ತಳಿಯಲ್ಲಿ ನಾರಿನಂಶ ನೂರಕ್ಕೆ ೩.೩, ‘ನಾಡಿಯಾ’ದಲ್ಲಿ ೩.೯, ‘ಮಾರನ್’ನಲ್ಲಿ ೬.೧. ಗಡ್ಡೆಯನ್ನು ಮುರಿದು, ಮುರಿದ ಬಾಯಿಯಲ್ಲಿ ಎಳೆ ಎಷ್ಟು ಹೊರಚಾಚುವುದೆಂದು ನೋಡುವವನಿಗೆ ಈ ವ್ಯತ್ಯಾಸ ಅಂಕೆಗಳಿಲ್ಲದೆಯೇ ಗೊತ್ತಾಗುತ್ತದೆ.

ಸಿಕ್ಕಿಮಿನಲ್ಲಿ ಮೂರು ಹೆಸರುಗಳು ಪ್ರಸಿದ್ಧವಾಗಿವೆ. ‘ಭೈಸೆ’ ಎಂಬುದು ಎಮ್ಮೆಯಂತೆ ದಪ್ಪನಾದುದು. ‘ಮಝೌಲೆ’ ನಡುತರದ ಗಾತ್ರದ್ದು. ‘ಗೋರುಬಥಾನೆ’ ಕಾಲಿಂಪೋಂಗಿನ ಕಡೆಯ ಗೋರುಬಥಾನ್ ಎಂಬ ಊರಿನಿಂದ ಬಂದುದು. ಗಾತ್ರಕ್ಕೆ ಪ್ರಾಣಿಯ ಹೆಸರಿಡುವ ಈ ರೂಢಿ ಸಿಕ್ಕಿಮಿಗೆ ಮಾತ್ರ ಸೇರಿದ್ದಲ್ಲ. ಜಾವಾ ದ್ವೀಪದವರು ದೊಡ್ಡ ಬಿಳಿಯ ಶುಂಠಿಯನ್ನು ‘ಜಾಹೆ ಗಜಾ’ ಎಂದೂ, ಚಿಕ್ಕ ಬಿಳಿಯದನ್ನು ‘ಜಾಹೆ ಎಂಪ್ರಿತ್’ ಎಂದೂ, ಕೆಂಪಿನದನ್ನು ‘ಜಾಹೆ ಮೆರಾ’ ಎಂದೂ ಕರೆಯುವರು. ಎಂಪ್ರಿತ್ ಎಂದರೆ ಗುಬ್ಬಚ್ಚಿಯಂತಹ ಒಂದು ಪುಟ್ಟ ಹಕ್ಕಿ. ‘ಗಜಾ’ ಯಾವುದೆಂದು ಕನ್ನಡಿಗರಿಗೆ ಹೇಳಬೇಕಾಗಿಲ್ಲ; ಸಂಸ್ಕೃತದ ಆನೆ ಸಮುದ್ರವನ್ನು ದಾಟಿ ಹೋಗಿ ಒಂದು ಗಡ್ಡೆಯ ಹೆಸರಿನಲ್ಲಿ ನಿಂತಿದೆ. ಕೆಂಪು ಶುಂಠಿಯು ಚಿಕ್ಕದು, ಬಲು ಖಾರ. ಅದನ್ನು ಔಷಧಕ್ಕೇ ಮೀಸಲಿಡುವರು. ಅಂಬೋಯ್ನಾದಲ್ಲಿದ್ದ ರುಂಫಿಯಸನು ಹದಿನೇಳನೆಯ ಶತಮಾನದಲ್ಲಿಯೇ ಬಿಳಿದು ಕೆಂಪು, ಹಿರಿದು ಕಿರಿದು ಎಂಬ ಭೇದಗಳನ್ನು ಗುರುತಿಸಿದ್ದನು.

ಮಿಜೋ ಗುಡ್ಡಗಳಲ್ಲಿ ಶುಂಠಿಗೆ ‘ಸೌಥಿಂಗ್’ ಎಂದು ಹೆಸರು. ಅಲ್ಲಿನ ‘ಥಿಂಗ್‌ಪುಯಿ’ ದೊಡ್ಡ ಗಡ್ಡೆಯದು. ‘ಥಿಂಗ್‌ಲಾಯ್‌ದುಮ್’ ಕೊಯ್ದಾಗ ನಡುವೆ ಕಪ್ಪುನೀಲಿಯ ಛಾಯೆ ಕಾಣುವುದು. ಆ ಭಾಷೆಯಲ್ಲಿ ‘ಪುಯಿ’ ಎಂದರೆ ಹಿರಿದು, ‘ಲಾಯ್’ ಎಂದರೆ ನಡು, ‘ದುಮ್’ ಎಂದರೆ ಕಪ್ಪು. ಒಂದು ಶಬ್ದದಲ್ಲಿ ಇಷ್ಟು ಲಕ್ಷಣವನ್ನು ಅಡಕಮಾಡಿದ ಹೆಸರನ್ನು ಸಸ್ಯಶಾಸ್ತ್ರಜ್ಞರ ಲ್ಯಾಟಿನಿನಲ್ಲಿಯೂ ಹುಡುಕಬೇಕಾಗುತ್ತದೆ. ಮೇಘಾಲಯದ ‘ಇಂಗ್ ಮಖಿರ್’ ಎಂಬುದು ಸಣ್ಣ ಗಡ್ಡೆಯ, ತೀಕ್ಷ್ಣವಾದ ತಳಿ. ಖಾಸಿ ಜಯಂತಿಯಾ ಜನರು ಅದನ್ನು ಅಡಿಗೆಗಿಂತ ಮದ್ದಿಗೇ ಹೆಚ್ಚಾಗಿ ಬಳಸುವರು. ಪೂರ್ವ ನೇಪಾಳದ ಕಿರಾತ ರಾಯಿ ಜನರ ಪುರೋಹಿತರಲ್ಲಿ ಶುಂಠಿಯನ್ನು ಹೋಳುಮಾಡಿ ಶಕುನ ನೋಡುವ ಪದ್ಧತಿಯುಂಟು. ಹೀಗೆ ಒಂದೊಂದು ಬಗೆಗೂ ಒಂದೊಂದು ಕೆಲಸ ಗೊತ್ತಾಗಿರುವಲ್ಲಿ, ಇಳುವರಿ ಕಡಿಮೆಯಾದ ಸಣ್ಣ ಗಡ್ಡೆಯೂ ಹಿತ್ತಿಲಿನ ಒಂದು ಮೂಲೆಯಲ್ಲಿ ಬದುಕಿಕೊಳ್ಳುತ್ತದೆ.

ಸಿಕ್ಕಿಮಿನವರ ಇನ್ನೊಂದು ಶಬ್ದವೂ ಹೇಳತಕ್ಕದ್ದು. ನೆಟ್ಟ ಗಡ್ಡೆಯಿಂದ ಸಸಿ ಬೇರೂರಿದ ಮೇಲೆ, ಜೂನ್ ಜುಲೈ ತಿಂಗಳುಗಳಲ್ಲಿ, ಬುಡದ ಮಣ್ಣನ್ನು ಮೆಲ್ಲನೆ ಬಿಡಿಸಿ ಹಳೆಯ ಗಡ್ಡೆಯನ್ನು ಕಿತ್ತು ಮಾರುವರು. ಇದಕ್ಕೆ ‘ಮಾಉ’ ಎಂದು ಹೆಸರು. ನೇಪಾಳಿಯಲ್ಲಿ ಮಾಉ ಎಂದರೆ ಮರಿಹಾಕಿದ ತಾಯಿಪ್ರಾಣಿ. ದಪ್ಪಗಡ್ಡೆ ಎಮ್ಮೆ, ಹಳೆಗಡ್ಡೆ ತಾಯಿ: ದನಕರುಗಳನ್ನು ಸಾಕಿ ಬಲ್ಲವರ ಭಾಷೆ ಇದು. ಬಿತ್ತನೆಯ ವೆಚ್ಚದ ಒಂದು ಭಾಗವು ಬೆಳೆ ಬರುವುದಕ್ಕೆ ಮುಂಚೆಯೇ ಕೈಸೇರುವುದರಿಂದ ಬಡ ಒಕ್ಕಲಿಗನಿಗೆ ಇದು ದೊಡ್ಡ ಆಸರೆ.

ದಕ್ಷಿಣದಲ್ಲಿ ಹೆಸರುಗಳ ಸ್ವಭಾವ ಬೇರೆಯಾಗಿದೆ. ಏರನಾಡ್ ಚೆರನಾಡ್, ಏರನಾಡ್ ಮಂಜೇರಿ, ವಳ್ಳುವನಾಡ್, ವಯನಾಡ್ ಲೋಕಲ್, ಕುರುಪ್ಪಂಪಡಿ, ತೊಡುಪುಳ ಎಂಬ ಕೇರಳದ ತಳಿಗಳೂ, ಆಂಧ್ರದ ನರಸಾಪಟ್ಟಂ, ಬಂಗಾಳದ ನಾಡಿಯಾ ಮತ್ತು ಬರ್ದ್ವಾನ್ ಎಂಬುವೂ ಊರುನಾಡುಗಳ ಹೆಸರಿನವೇ. ಕರ್ಣಾಟಕದ ಪಾಲಿಗೆ ಪಟ್ಟಿಗಳಲ್ಲಿ ಕಾಣುವುವು ‘ಹುಮನಾಬಾದ್’ ಮತ್ತು ‘ಕರಕ್ಕಲ್’. ಎರಡನೆಯದು ಕಾರ್ಕಳವೆಂದೇ ತೋರುತ್ತದೆ. ಇಂಗ್ಲಿಷ್ ಅಕ್ಷರಗಳ ಮೂಲಕ ಕೈಯಿಂದ ಕೈಗೆ ಹೋಗಿ ಈ ರೂಪವನ್ನು ತಾಳಿರಬೇಕು. ಈ ಸ್ಥಳನಾಮಗಳು ವರ್ತಕರ ಹಳೆಯ ಪದ್ಧತಿಯ ಮುಂದುವರಿಕೆಯೆಂದು ಹೇಳಲು ಅವಕಾಶವುಂಟು. ಮಲಬಾರಿನ ಶುಂಠಿ ಬಹುಕಾಲ ಹಡಗಿಗೆ ಹೋಗುವ ಸರಕು. ‘ಕೊಚ್ಚಿಯ ಶುಂಠಿ’ ‘ಕಲ್ಲಿಕೋಟೆಯ ಶುಂಠಿ’ ಎಂದು ಪರದೇಶಗಳ ಪೇಟೆಗಳಲ್ಲಿ ಹೆಸರಾದುದು. ಕೊಳ್ಳುವವನು ಕೇಳುವುದು ಎಲ್ಲಿಯದೆಂದು. ಆದುದರಿಂದ ಬೆಳೆದವನೂ ಹಾಗೆಯೇ ಹೇಳಲು ಕಲಿತನು. ಈಶಾನ್ಯದ ಗುಡ್ಡಗಳಲ್ಲಿ ಮನೆಗೆ ಬೆಳೆದುಕೊಂಡವರು ರೂಪವನ್ನು ನೋಡಿ ಹೆಸರಿಟ್ಟರು. ಇದನ್ನು ಕಟ್ಟುನಿಟ್ಟಾದ ನಿಯಮವೆಂದು ತಿಳಿಯಬಾರದು. ಗೋರುಬಥಾನೆಯೇ ಅದಕ್ಕೆ ಅಪವಾದ.

ಸ್ಥಳನಾಮಗಳಲ್ಲೆಲ್ಲ ವಿಚಿತ್ರವಾದುದು ಮಲೆನಾಡಿನ ‘ರಿಗೋಡಿ’. ಹಾಸನ, ಶಿವಮೊಗ್ಗ, ಕೊಡಗು, ಮೈಸೂರು ಸೀಮೆಗಳ ಬೆಳೆಗಾರರಿಗೆ ಇದು ಬಾಯಿಪಾಠವಾದ ಮಾತು. ಕೇಳಿದವರು ಇದನ್ನು ಯಾವುದೋ ಕನ್ನಡ ಹಳ್ಳಿಯೆಂದು ಭ್ರಮಿಸಿದರೆ ಆಶ್ಚರ್ಯವಿಲ್ಲ. ಆದರೆ ಇದು ಬ್ರೆಜಿಲ್ ದೇಶದ ರಿಯೋ ಡಿ ಜನೈರೋ! ಶುಂಠಿಯು ಅಮೆರಿಕಾ ಖಂಡದ ಸಸ್ಯವಲ್ಲ. ಹದಿನಾರನೆಯ ಶತಮಾನದಲ್ಲಿ ಐರೋಪ್ಯರು ಪೂರ್ವದೇಶಗಳಿಂದ ಅಲ್ಲಿಗೆ ಒಯ್ದುದು. ಅಲ್ಲಿ ನೆಲಸಿದ ಒಂದು ತಳಿಯು ಮರಳಿ ಭಾರತಕ್ಕೆ ಬಂದು, ೧೯೬೦ರ ದಶಕದ ವೇಳೆಗೆ ಕೇರಳದ ಪ್ರಯೋಗಗಳಲ್ಲಿ ಹೆಚ್ಚು ಇಳುವರಿಯದೆಂದು ಹೆಸರು ಪಡೆಯಿತು. ವಯನಾಡಿನ ಬೆಳೆಗಾರರು ಕೊಡಗು ಮೈಸೂರು ಹಾಸನಗಳಲ್ಲಿ ಗದ್ದೆ ಹೊಲಗಳನ್ನು ಗುತ್ತಿಗೆಗೆ ಹಿಡಿದು ಶುಂಠಿ ಹಾಕತೊಡಗಿದಾಗ ಇಲ್ಲಿಯೂ ಹಬ್ಬಿತು. ದಪ್ಪನಾದ, ನೋಟಕ್ಕೆ ಚೆಲುವಾದ ಗಡ್ಡೆ. ಹಸಿಯಾಗಿ ಮೂಟೆಯಲ್ಲಿ ಮಾರುವವರಿಗೆ ಹೇಳಿಸಿದ ಹಾಗಿದೆ. ಒಣಗಿಸಿ ಮಾರುತ್ತಿದ್ದ ಕಾಲದಲ್ಲಿ ನೂರು ಸೇರು ಹಸಿಗೆ ಎಷ್ಟು ಸೇರು ಒಣಗಿದುದು ಉಳಿಯುವುದೆಂಬುದೇ ತಳಿಯ ಯೋಗ್ಯತೆಯ ಅಳತೆಯಾಗಿದ್ದಿತು. ಸಾಮಾನ್ಯವಾಗಿ ಅದು ಇಪ್ಪತ್ತರ ಆಸುಪಾಸು, ಒಳ್ಳೆಯ ತಳಿಗಳಲ್ಲಿ ಇಪ್ಪತ್ತಮೂರರವರೆಗೆ. ಹಸಿಯ ಪೇಟೆ ಬೆಳೆದಂತೆ ಆ ಅಳತೆಗೆ ಬೆಲೆ ಇಳಿಯಿತು. ಅದರೊಡನೆ ಒಣಗಿಸುವುದಕ್ಕೆಂದೇ ಕಾಪಾಡಿಕೊಂಡು ಬಂದಿದ್ದ ಸಣ್ಣ ಗಡ್ಡೆಯ ನಾಟಿ ತಳಿಗಳೂ ಹಿಂದೆ ಸರಿದುವು. ಬಿದಿರಿನ ಸೀಳಿನಿಂದ ಸಿಪ್ಪೆ ಹೆರೆಯುವ ಹಸ್ತಕೌಶಲವೂ ಅಪರೂಪವಾಯಿತು. ಸುವಾಸನೆಯ ತೈಲಕೋಶಗಳು ಸಿಪ್ಪೆಯ ಒಡನೆಯೇ ಕೆಳಗಿರುವುದರಿಂದ ಆಳವಾಗಿ ಹೆರೆಯಕೂಡದೆಂಬುದನ್ನು ಆ ಕೈಗಳು ಸೂಕ್ಷ್ಮದರ್ಶಕವಿಲ್ಲದೆಯೇ ಅರಿತಿದ್ದುವು.

ಇಲ್ಲಿಯೇ ಶುಂಠಿಯ ವಿಶೇಷವನ್ನು ನೆನೆಯಬೇಕು. ಇದು ಹೂ ಬಿಡುವುದು ವಿರಳ. ಬಿಟ್ಟರೂ ಬೀಜ ಕಟ್ಟುವುದಿಲ್ಲ. ಇಪ್ಪತ್ತೆರಡು ವರ್ಣತಂತುಗಳ ಈ ಸಸ್ಯವು ತಾನಾಗಿ ಕಾಡಿನಲ್ಲಿ ಬೆಳೆದಿರುವುದು ಎಲ್ಲಿಯೂ ಕಂಡುಬಂದಿಲ್ಲ. ಕಾಡುಶುಂಠಿಯೆಂಬುದು ಅದೇ ಕುಲದ ಬೇರೆ ಜಾತಿ. ಮಾವಿನಶುಂಠಿಯಾದರೋ ಶುಂಠಿಯೇ ಅಲ್ಲ, ಅರಿಶಿನದ ಕುಲಕ್ಕೆ ಸೇರಿದುದು. ಗಡ್ಡೆಯ ತುಂಡಿನಿಂದಲೇ ವಂಶ ನಡೆಯಬೇಕು. ಭತ್ತದ ಒಂದು ತಳಿ ಒಂದು ಊರಿನಲ್ಲಿ ತಪ್ಪಿದರೂ ಅದರ ಕಾಳು ಎಲ್ಲಿಯಾದರೂ ಒಂದು ಮಡಕೆಯಲ್ಲಿ ಕೆಲವು ಕಾಲ ಉಳಿದೀತು. ಶುಂಠಿಗೆ ಆ ಅವಕಾಶವಿಲ್ಲ. ಪ್ರತಿ ವರ್ಷವೂ ಅಗೆದು, ಕಾದಿಟ್ಟು, ಮತ್ತೆ ನೆಡಬೇಕು. ಒಂದು ವರ್ಷದ ಗಡ್ಡೆಕೊಳೆ ರೋಗ ಒಂದು ಮನೆಯ ತಳಿಯನ್ನು ನಿರ್ಮೂಲ ಮಾಡಬಲ್ಲುದು. ಆದುದರಿಂದಲೇ ಬೀಜದ ಶುಂಠಿಯನ್ನು ಕಾಪಾಡುವ ವಿಧಾನಗಳು ಇಷ್ಟು ಸೂಕ್ಷ್ಮವಾಗಿ ಬೆಳೆದಿವೆ: ಪೈರು ಹಸುರಾಗಿರುವಾಗಲೇ ರೋಗವಿಲ್ಲದ ಮಡಿಗಳನ್ನು ಗುರುತುಮಾಡುವುದು, ಆಯ್ದ ಗಡ್ಡೆಯನ್ನು ಸಗಣಿಯ ನೀರಿನಲ್ಲಿ ಅದ್ದಿ ನೆರಳಿನಲ್ಲಿ ಆರಿಸುವುದು, ನೆರಳಿನ ಗುಂಡಿಯಲ್ಲಿ ಮರಳಿನೊಡನೆ ಪದರಪದರವಾಗಿ ಇಡುವುದು, ಮಲಬಾರಿನಲ್ಲಿ ನಡುನಡುವೆ ಪಾಣಲ್ ಗಿಡದ ಎಲೆಯನ್ನು ಹರಡುವುದು, ಕೆಲವೆಡೆ ಅಡಿಗೆಮನೆಯ ಹೊಗೆ ತಾಗಿಸುವುದು. ಒಮ್ಮೆ ಬೆಳೆದ ನೆಲದಲ್ಲಿ ಮಾರನೆಯ ವರ್ಷವೇ ಶುಂಠಿ ಹಾಕಕೂಡದೆಂಬ ಹಿರಿಯರ ಕಟ್ಟಳೆಯೂ ಇದರಲ್ಲಿ ಸೇರಿದೆ. ರೋಗಬೀಜಗಳು ಮಣ್ಣಿನಲ್ಲಿ ಉಳಿಯುವುವೆಂದು ಶಾಸ್ತ್ರಜ್ಞರು ಅದಕ್ಕೆ ಕಾರಣವನ್ನು ಕೊಟ್ಟಿರುತ್ತಾರೆ.

ಬೀಜವಿಲ್ಲದ ಬೆಳೆಯಲ್ಲಿ ಇಷ್ಟು ವೈವಿಧ್ಯ ಹೇಗೆ ಬಂದಿತೆಂಬ ಪ್ರಶ್ನೆ ಸಹಜವಾದುದು. ಗಡ್ಡೆಯ ಮೊಳಕೆಯಲ್ಲಿ ಯಾವಾಗಲೋ ಒಮ್ಮೆ ತಾನಾಗಿ ತಲೆದೋರುವ ಮಾರ್ಪಾಟನ್ನು ಯಾರೋ ಕಂಡು, ಬೇರೆಯಾಗಿ ತೆಗೆದಿಟ್ಟು, ನೆಟ್ಟುದರಿಂದಲೇ ತಳಿಗಳು ಹೆಚ್ಚಿರಬೇಕೆಂದು ವಿದ್ವಾಂಸರ ಮತ. ಕಲ್ಲಿಕೋಟೆಯ ಸಂಬಾರ ಬೆಳೆಗಳ ಸಂಶೋಧನ ಸಂಸ್ಥೆಯಲ್ಲಿ ಆರುನೂರಕ್ಕೂ ಮಿಕ್ಕ ಶುಂಠಿಯ ಮಾದರಿಗಳನ್ನು ಕೂಡಿಹಾಕಿದ್ದಾರೆ. ಗಿಡದ ಎತ್ತರ, ಮರಿಗಳ ಸಂಖ್ಯೆ, ಎಲೆಯ ಉದ್ದಗಲ, ಗಡ್ಡೆಯ ಆಕಾರ, ಒಳಮೈಯ ಬಣ್ಣ ಇವುಗಳಲ್ಲಿ ಅವು ಭಿನ್ನವಾಗಿವೆ. ವಂಶಧಾತುಗಳನ್ನು ಪರೀಕ್ಷಿಸಿದರೆ ಮಾತ್ರ ಅನೇಕ ತಳಿಗಳ ನಡುವಣ ಅಂತರ ಅಲ್ಪವೆಂದು ಕಂಡುಬಂದಿದೆ. ಇದರಿಂದ ಬೇರೆಬೇರೆ ಹೆಸರುಗಳೆಲ್ಲ ಹುಸಿಯೆಂದು ತೀರ್ಮಾನಿಸುವುದು ದುಡುಕು. ನಾರು ಹೆಚ್ಚೋ ಕಡಿಮೆಯೋ, ಒಣಗಿಸಿದರೆ ಎಷ್ಟು ಉಳಿಯುವುದು, ಖಾರ ಎಷ್ಟು ಎಂಬುವು ಬೆಳೆದವನಿಗೂ ತಿನ್ನುವವನಿಗೂ ನಿಜವಾದ ಭೇದಗಳೇ. ಒಡಿಶಾದ ‘ಸುಪ್ರಭಾ’ ‘ಸುರುಚಿ’ಗಳೆಂಬ ಹೊಸ ತಳಿಗಳನ್ನು ಆರಿಸಿದುದು ಕೋರಾಪುಟದ ಕುಂಡುಲಿ ಎಂಬಲ್ಲಿಯ ನಾಟಿ ಶುಂಠಿಯಿಂದ, ಹಳ್ಳಿಗರು ಅದನ್ನು ಉಳಿಸಿರದಿದ್ದರೆ ಆರಿಸುವುದಕ್ಕೆ ಏನೂ ಇರುತ್ತಿರಲಿಲ್ಲ.

೨೦೦೧ರ ಸಸ್ಯತಳಿಗಳ ರಕ್ಷಣೆ ಮತ್ತು ರೈತರ ಹಕ್ಕುಗಳ ಅಧಿನಿಯಮವು ರೈತರು ಉಳಿಸಿಕೊಂಡು ಬಂದ ತಳಿಗಳನ್ನು ಅವರ ಹೆಸರಿನಲ್ಲಿಯೇ ದಾಖಲೆಮಾಡಲು ಅವಕಾಶವನ್ನು ಕೊಟ್ಟಿದೆ. ಅದಕ್ಕೆ ತಳಿಯ ಹೆಸರೂ ಇತರ ತಳಿಗಳಿಂದ ಅದನ್ನು ಬೇರ್ಪಡಿಸುವ ಲಕ್ಷಣವೂ ಬೇಕು. ಲಕ್ಷಣವನ್ನು ಅಳೆಯಲು ಶಾಸ್ತ್ರಜ್ಞರಿದ್ದಾರೆ. ಹೆಸರನ್ನು ಹೇಳಬೇಕಾದವರು ಊರಿನವರು. ಕನ್ನಡದ ನಿಘಂಟುಗಳು ಬಹುಮಟ್ಟಿಗೆ ಕಾವ್ಯ ಶಾಸನಗಳ ಶಬ್ದಗಳನ್ನು ಆಧರಿಸಿದುವು. ಅಗೆಯುವವರ, ಹೆರೆಯುವವರ, ಬೀಜದ ಗುಂಡಿ ಮುಚ್ಚುವವರ ಮಾತುಗಳಿಗೆ ಅವುಗಳಲ್ಲಿ ಎಡೆ ಕಡಿಮೆ. ಬೀದರದ ಕೆಮ್ಮಣ್ಣಿನ ಎತ್ತರ ನೆಲದಲ್ಲಿ ‘ಅಲ್ಲ’ವನ್ನು ಬೆಳೆಯುವವರೂ, ಘಟ್ಟದ ಕೆಳಗಿನ ಅಡಿಕೆ ತೋಟಗಳ ಅಂಚಿನಲ್ಲಿ ನಾಲ್ಕು ಮಡಿ ಶುಂಠಿಯನ್ನು ಮನೆಗೆಂದು ಇಟ್ಟುಕೊಂಡವರೂ ಗಡ್ಡೆಯ ಬೆರಳು, ಕಣ್ಣು, ಎಳೆ, ಬಣ್ಣಗಳಿಗೆ ಯಾವ ಶಬ್ದಗಳನ್ನು ಬಳಸುವರೆಂಬುದನ್ನು ಸಂಗ್ರಹಿಸುವ ಕೆಲಸಕ್ಕೆ ಸಸ್ಯಶಾಸ್ತ್ರಜ್ಞನೊಬ್ಬನೇ ಸಾಲನು, ಭಾಷಾಪಂಡಿತನೂ ಜೊತೆಗೆ ಹೋಗಬೇಕು. ಅದಕ್ಕೆ ತಕ್ಕ ಕಾಲ ಮುಂಗಾರಿನ ಮುಂಚಿನ ಮಳೆಗಳು ಬೀಳುವ ಏಪ್ರಿಲ್ ಮೇ ತಿಂಗಳುಗಳು. ಆಗ ಗುಂಡಿಯನ್ನು ತೆರೆದು, ಕೊಳೆತುದನ್ನು ಎಸೆದು, ಉಳಿದುದನ್ನು ಒಂದೆರಡು ಕಣ್ಣುಗಳಿರುವ ತುಂಡುಗಳಾಗಿ ಮುರಿಯುತ್ತ ಕುಳಿತಿರುವವರ ಬಾಯಲ್ಲಿ ಆ ಮಾತುಗಳು ತಾವಾಗಿಯೇ ಬರುತ್ತವೆ.